ಭಾರತದ ಮಹಿಳಾ ಕ್ರಿಕೆಟ್ ತಂಡ ವಿದೇಶಕ್ಕೆ ಹೊರಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

2025ರ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಹರ್ಮನ್‌ಪ್ರೀತ್ ಕೌರ್ ಬಳಗ ವಿಶ್ವಕಪ್ ಎತ್ತಿದ ಮೇಲೆ ಮಹಿಳಾ ಕ್ರಿಕೆಟ್‌ಗೆ ಹೊಸ ನೋಡುಗರು ಬಹಳ ಮಂದಿ ಸೇರಿಕೊಂಡಿದ್ದಾರೆ. ವಿಶ್ವಕಪ್ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಿಲ್ಲ. ಪ್ರವಾಸಗಳ ಲೆಕ್ಕಾಚಾರ ಮಾತ್ರ ಅವರನ್ನು ಗೊಂದಲಕ್ಕೆ ತಳ್ಳುತ್ತದೆ. ಈ ಆಟವನ್ನು ಮೊದಲಿನಿಂದ ನೋಡುತ್ತಾ ಬಂದವರ ಬಳಿ ಅವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ಅಲ್ಲಲ್ಲಿ ನನ್ನ ಸಿಟ್ಟೂ ಸೇರಿದೆ, ಅದನ್ನು ಸೋಸಲು ಹೋಗಿಲ್ಲ.

ವಿಶ್ವಕಪ್ ಆಡಲು ಹೋಗುವುದೂ ಪ್ರವಾಸವೇ ಅಲ್ಲವೇ?

ಅಲ್ಲ. ವಿಶ್ವಕಪ್ ಟೂರ್ನಿ, ಅದು ಜಾಗತಿಕ ಕ್ರಿಕೆಟ್ ಮಂಡಳಿಯಾದ ಐಸಿಸಿಯ ಕಾರ್ಯಕ್ರಮ. ಪ್ರವಾಸ ಎಂದರೆ ಒಂದು ದೇಶದ ತಂಡ ಇನ್ನೊಂದು ದೇಶದ ಕ್ರಿಕೆಟ್ ಮಂಡಳಿಯ ಅತಿಥಿಯಾಗಿ ಹೋಗಿ, ಅದೇ ಎದುರಾಳಿಯ ಜೊತೆ ಸಾಲಾಗಿ ಪಂದ್ಯಗಳನ್ನು ಆಡುವುದು. ಟೂರ್ನಿಯಲ್ಲಿ ಒಬ್ಬ ಬೌಲರ್ ನಿಮ್ಮ ದೌರ್ಬಲ್ಯವನ್ನು ಕಂಡುಕೊಂಡರೂ ಮುಂದಿನ ಪಂದ್ಯದಲ್ಲಿ ಎದುರಿಗೆ ಬೇರೆ ತಂಡ ಇರುತ್ತದೆ. ಪ್ರವಾಸದಲ್ಲಿ ಅದೇ ಬೌಲರ್ ಎರಡು ದಿನ ಬಿಟ್ಟು ಮತ್ತೆ ಚೆಂಡು ಹಿಡಿದು ಬರುತ್ತಾಳೆ. ನಿಮಗೆ ಉತ್ತರ ಹುಡುಕಲು ಆ ಎರಡು ದಿನ ಮಾತ್ರ ಇರುತ್ತದೆ.

ಒಂದು ಪ್ರವಾಸ ಎಷ್ಟು ದಿನದ್ದು? ಎಷ್ಟು ಪಂದ್ಯ?

2025ರ ಇಂಗ್ಲೆಂಡ್ ಪ್ರವಾಸವನ್ನೇ ನೋಡಿ. ಐದು ಟಿ20, ಮೂರು ಏಕದಿನ ಪಂದ್ಯ. ಜೂನ್ 28ರಂದು ನಾಟಿಂಗ್‌ಹ್ಯಾಮ್‌ನಲ್ಲಿ ಆರಂಭವಾಗಿ ಜುಲೈ 22ರಂದು ಚೆಸ್ಟರ್–ಲೆ–ಸ್ಟ್ರೀಟ್‌ನಲ್ಲಿ ಮುಗಿಯಿತು. ಇಪ್ಪತ್ತೈದು ದಿನ, ಎಂಟು ಪಂದ್ಯ, ಎಂಟು ಬೇರೆ ಬೇರೆ ಅಂಗಳ. ಲಂಡನ್‌ನಲ್ಲಿ ಮಾತ್ರ ಎರಡು ಪಂದ್ಯ, ಅವೂ ಒಂದು ಓವಲ್‌ನಲ್ಲಿ, ಇನ್ನೊಂದು ಲಾರ್ಡ್ಸ್‌ನಲ್ಲಿ. ಆಡಿದ ದಿನಗಳಿಗಿಂತ ಪೆಟ್ಟಿಗೆ ಕಟ್ಟಿ ಬಿಚ್ಚಿದ ದಿನಗಳೇ ಹೆಚ್ಚು.

ಆ ಪ್ರವಾಸದಲ್ಲಿ ಭಾರತ ಟಿ20 ಸರಣಿಯನ್ನು 3–2ರಿಂದ, ಏಕದಿನ ಸರಣಿಯನ್ನು 2–1ರಿಂದ ಗೆದ್ದಿತು. ಮೊದಲ ಪಂದ್ಯದಲ್ಲಿ ಹರ್ಮನ್‌ಪ್ರೀತ್ ಆಡಲಿಲ್ಲ. ತಂಡದ ಹೊಣೆ ಹೊತ್ತ ಸ್ಮೃತಿ ಮಂದಾನ 112 ರನ್ ಹೊಡೆದು, ಟೆಸ್ಟ್, ಏಕದಿನ, ಟಿ20 ಮೂರೂ ಮಾದರಿಗಳಲ್ಲಿ ಶತಕ ಗಳಿಸಿದ ಭಾರತದ ಮೊದಲ ಆಟಗಾರ್ತಿಯಾದರು. ಅದೇ ಪಂದ್ಯದಲ್ಲಿ ಟಿ20ಗೆ ಕಾಲಿಟ್ಟ ಎಡಗೈ ಸ್ಪಿನ್ನರ್ ಶ್ರೀ ಚರಣಿ 12 ರನ್ನಿಗೆ 4 ವಿಕೆಟ್ ಕಿತ್ತರು. ಕೊನೆಯ ಏಕದಿನ ಪಂದ್ಯದಲ್ಲಿ ಹರ್ಮನ್‌ಪ್ರೀತ್ 102 ಹೊಡೆದರೆ, ಕ್ರಾಂತಿ ಗೌಡ್ 52 ರನ್ನಿಗೆ 6 ವಿಕೆಟ್ ಪಡೆದರು. ನವೆಂಬರ್‌ನ ವಿಶ್ವಕಪ್ ಗೆಲುವು ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ಮೊದಲು ತೋರಿಸುವುದು ಈ ಜುಲೈಯನ್ನು.

ಮಹಿಳೆಯರ ಮೊದಲ ಅಂತರರಾಷ್ಟ್ರೀಯ ಪ್ರವಾಸ ಯಾವುದು?

1934ರ ಕೊನೆಯಲ್ಲಿ ಇಂಗ್ಲೆಂಡ್ ತಂಡ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದದ್ದು. ನಾಯಕಿ ಬೆಟ್ಟಿ ಆರ್ಚ್‌ಡೇಲ್. ಹಡಗಿನ ಚಾರ್ಜನ್ನು ಆಟಗಾರ್ತಿಯರೇ ಕೈಯಿಂದ ಕೊಟ್ಟರು. ಆದ್ದರಿಂದ ಆ ತಂಡವನ್ನು ಇಂಗ್ಲೆಂಡಿನ ಅತ್ಯುತ್ತಮ ಹದಿನೈದು ಮಂದಿ ಎನ್ನುವುದಕ್ಕಿಂತ, ಚೆನ್ನಾಗಿ ಆಡಬಲ್ಲ, ತಿಂಗಳುಗಟ್ಟಲೆ ಕೆಲಸ ಬಿಟ್ಟು ಹೋಗಬಲ್ಲ, ಖರ್ಚನ್ನೂ ಭರಿಸಬಲ್ಲ ಹದಿನೈದು ಮಂದಿ ಎನ್ನುವುದು ಸರಿ.

ಡಿಸೆಂಬರ್ 28ರಂದು ಬ್ರಿಸ್ಬೇನ್‌ನಲ್ಲಿ ಮಹಿಳೆಯರ ಮೊಟ್ಟಮೊದಲ ಟೆಸ್ಟ್ ಆರಂಭವಾಯಿತು. ಆಸ್ಟ್ರೇಲಿಯಾ 47ಕ್ಕೆ ಆಲೌಟ್. ಇಂಗ್ಲೆಂಡಿನ ಮರ್ಟಲ್ ಮ್ಯಾಕ್ಲಗನ್ 10 ರನ್ನಿಗೆ 7 ವಿಕೆಟ್. ಮುಂದಿನ ಟೆಸ್ಟ್ ಸಿಡ್ನಿಯಲ್ಲಿ, ಮಹಿಳಾ ಟೆಸ್ಟ್‌ನ ಮೊದಲ ಶತಕವೂ ಅವರದೇ. ಅಲ್ಲಿಂದ ತಂಡ ನ್ಯೂಜಿಲೆಂಡ್‌ಗೆ ಹೋಯಿತು. 1935ರ ಫೆಬ್ರುವರಿಯಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ನ್ಯೂಜಿಲೆಂಡ್ 44ಕ್ಕೆ ಉರುಳಿತು, ಬೆಟ್ಟಿ ಸ್ನೋಬಾಲ್ ಒಬ್ಬರೇ 189 ಹೊಡೆದರು.

ಭಾರತದ ತಂಡ ಮೊದಲು ಹೊರದೇಶಕ್ಕೆ ಹೋಗಿ ಟೆಸ್ಟ್ ಆಡಿದ್ದು ಯಾವಾಗ?

1977ರ ಜನವರಿಯಲ್ಲಿ, ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ. ಅದಕ್ಕೂ ಮೊದಲು 1976ರ ಅಕ್ಟೋಬರ್ ಕೊನೆಯಲ್ಲಿ ವೆಸ್ಟ್ ಇಂಡೀಸ್ ತಂಡ ನಮ್ಮಲ್ಲಿಗೆ ಪ್ರವಾಸ ಬಂದಿತ್ತು. ಭಾರತದ ಮಹಿಳೆಯರ ಮೊದಲ ಟೆಸ್ಟ್ ನಡೆದದ್ದು ಬೆಂಗಳೂರಿನಲ್ಲಿ, ನಾಯಕಿಯೂ ಬೆಂಗಳೂರಿನವರೇ, ಶಾಂತಾ ರಂಗಸ್ವಾಮಿ. ಆರು ಟೆಸ್ಟ್‌ಗಳ ಸರಣಿ ಅದು. ಆರು! ಈ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ. ಪಾಟ್ನಾದಲ್ಲಿ ಮೊದಲ ಗೆಲುವೂ ಆಗಲೇ ಸಿಕ್ಕಿತು. ಡುನೆಡಿನ್‌ನಲ್ಲಿ ಶಾಂತಾ 108 ಹೊಡೆದರು. ಭಾರತದ ಆಟಗಾರ್ತಿಯೊಬ್ಬರ ಮೊದಲ ಟೆಸ್ಟ್ ಶತಕ ಹುಟ್ಟಿದ್ದು ಹಾಗೆ, ಹೊರದೇಶದ ಪಿಚ್ ಮೇಲೆ.

ಆ ತಲೆಮಾರಿನವರು ಹೇಳುವ ಕಥೆಗಳಲ್ಲಿ ಕಾಯ್ದಿರಿಸದ ರೈಲು ಬೋಗಿ, ನೆಲದ ಮೇಲಿನ ಹಾಸಿಗೆ, ಕೈಯಿಂದ ಕೈಗೆ ಹೋಗುತ್ತಿದ್ದ ಎರಡೋ ಮೂರೋ ಬ್ಯಾಟ್ ಇವೆಲ್ಲ ಬರುತ್ತವೆ. ಕೇಳುವವರಿಗೆ ರೋಮಾಂಚನ ಆಗುತ್ತದೆ, ನಿಜ. ಆದರೆ ಅದನ್ನು ತ್ಯಾಗದ ಕಥೆ ಮಾಡಿ ಚಪ್ಪಾಳೆ ತಟ್ಟುವ ಮೊದಲು, ಅವರಿಗೆ ಒಂದೊಂದು ಬ್ಯಾಟ್ ಯಾಕೆ ಇರಲಿಲ್ಲ ಎಂದು ಕೇಳಬೇಕು.

ಎಲ್ಲಿ, ಯಾರ ಜೊತೆ ಆಡಬೇಕು ಎಂದು ಯಾರು ನಿರ್ಧರಿಸುತ್ತಾರೆ?

ಮುಖ್ಯವಾಗಿ ಎರಡೂ ದೇಶಗಳ ಮಂಡಳಿಗಳು. 2022ರ ಆಗಸ್ಟ್‌ನಲ್ಲಿ ಐಸಿಸಿ ಮಹಿಳಾ ತಂಡಗಳಿಗಾಗಿ ಮೊದಲ ಬಾರಿಗೆ ಮುಂದಿನ ವರ್ಷಗಳ ಪ್ರವಾಸ ವೇಳಾಪಟ್ಟಿ ಪ್ರಕಟಿಸಿತು. ಪುರುಷರಿಗೆ ಇಂಥ ಪಟ್ಟಿ ಅದಕ್ಕಿಂತ ಎಷ್ಟೋ ವರ್ಷ ಮೊದಲಿನಿಂದ ಇತ್ತು. ಮಹಿಳಾ ತಂಡಕ್ಕೆ ಮುಂದಿನ ವರ್ಷ ಎಲ್ಲಿ ಆಡುತ್ತೇವೆ ಎಂಬುದು ಅಲ್ಲಿಯವರೆಗೆ ಬಹುಮಟ್ಟಿಗೆ ಮಂಡಳಿಯ ಮನಸ್ಸಿನಲ್ಲಿ ಏನಿದೆಯೋ ಅದೇ.

ಏಕದಿನ ಪಂದ್ಯಗಳ ಮಟ್ಟಿಗೆ 2014ರಿಂದ ಐಸಿಸಿ ಮಹಿಳಾ ಚಾಂಪಿಯನ್‌ಷಿಪ್ ಇದೆ. ಎಂಟು ತಂಡಗಳಿಂದ ಆರಂಭವಾಗಿ ಈಗಿನ ಆವೃತ್ತಿಯಲ್ಲಿ ಹನ್ನೊಂದಾಗಿವೆ. ಪ್ರತಿ ತಂಡಕ್ಕೂ ಮೂರು ಪಂದ್ಯಗಳ ಎಂಟು ಸರಣಿ, ನಾಲ್ಕು ತವರಿನಲ್ಲಿ, ನಾಲ್ಕು ಹೊರಗೆ. ಇದರ ಅಂಕಗಳೇ ವಿಶ್ವಕಪ್ ಪ್ರವೇಶವನ್ನು ನಿರ್ಧರಿಸುವುದರಿಂದ ಯಾವ ಮಂಡಳಿಯೂ ಪ್ರವಾಸವನ್ನು ಸುಮ್ಮನೆ ಕೈಬಿಡುವಂತಿಲ್ಲ. ಮಹಿಳಾ ಕ್ರಿಕೆಟ್‌ಗೆ ಐಸಿಸಿ ಮಾಡಿದ ಕೆಲಸಗಳಲ್ಲಿ ನನ್ನ ಮಟ್ಟಿಗೆ ಅತಿ ದೊಡ್ಡದು ಇದು. ಬಹುಮಾನದ ಮೊತ್ತ ಏರಿಸಿದ್ದು ಸುದ್ದಿಯಾಯಿತು. ಪಂದ್ಯಗಳು ಖಾತ್ರಿಯಾದದ್ದು ಅಷ್ಟಾಗಿ ಆಗಲಿಲ್ಲ.

ಇಡೀ ಪ್ರವಾಸದಲ್ಲಿ ಒಂದೇ ಟೆಸ್ಟ್, ಕೆಲವೊಮ್ಮೆ ಅದೂ ಇಲ್ಲ. ಏಕೆ?

ನನ್ನನ್ನು ಕೆರಳಿಸುವ ಪ್ರಶ್ನೆ ಇದು.

ಲೆಕ್ಕ ನೋಡಿ. ಮೊದಲ ಸರಣಿಯಲ್ಲೇ ಆರು ಟೆಸ್ಟ್ ಆಡಿದ ಭಾರತದ ಮಹಿಳಾ ತಂಡ, 1976ರಿಂದ 2024ರ ಕೊನೆಯವರೆಗೆ ಆಡಿದ್ದು ಒಟ್ಟು 41 ಟೆಸ್ಟ್. ಮಿಥಾಲಿ ರಾಜ್ 1999ರಿಂದ 2022ರವರೆಗೆ ಆಡಿದರು. 232 ಏಕದಿನ ಪಂದ್ಯ, ಟೆಸ್ಟ್ ಮಾತ್ರ ಹನ್ನೆರಡು. ವೇಗದ ಬೌಲರ್ ಜೂಲನ್ ಗೋಸ್ವಾಮಿಯವರದೂ ಹನ್ನೆರಡೇ. 2002ರಲ್ಲಿ ಹತ್ತೊಂಬತ್ತು ವರ್ಷದ ಮಿಥಾಲಿ ಇಂಗ್ಲೆಂಡಿನ ಟಾಂಟನ್‌ನಲ್ಲಿ 214 ರನ್ ಹೊಡೆದರು. ಅದು ಆಗ ವಿಶ್ವದಾಖಲೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಂಥ ಇನ್ನೊಂದು ಇನಿಂಗ್ಸ್ ಕಟ್ಟಲು ಅವರಿಗೆ ಸಿಕ್ಕ ಅವಕಾಶಗಳನ್ನು ಬೆರಳಲ್ಲಿ ಎಣಿಸಬಹುದು.

2006ರಲ್ಲಿ ಅದೇ ಟಾಂಟನ್‌ನಲ್ಲಿ ಜೂಲನ್ 78 ರನ್ನಿಗೆ ಹತ್ತು ವಿಕೆಟ್ ಕಿತ್ತರು, ಇಂಗ್ಲೆಂಡಿನಲ್ಲಿ ಭಾರತ ಮೊದಲ ಬಾರಿ ಟೆಸ್ಟ್ ಸರಣಿ ಗೆದ್ದಿತು. ಗೆದ್ದ ತಂಡಕ್ಕೆ ಅದರ ನಂತರ ಏನು ಸಿಕ್ಕಿತು? ಎಂಟು ವರ್ಷಗಳ ಮೌನ. ಮತ್ತೆ ಟೆಸ್ಟ್ ಆಡಿದ್ದು 2014ರ ಆಗಸ್ಟ್‌ನಲ್ಲಿ ವರ್ಮ್ಸ್‌ಲಿಯಲ್ಲಿ. ಆ ಹನ್ನೊಂದರಲ್ಲಿ ಎಂಟು ಮಂದಿಗೆ ಅದೇ ಮೊದಲ ಟೆಸ್ಟ್. ಆದರೂ ಇಂಗ್ಲೆಂಡ್ ಮೊದಲ ಇನಿಂಗ್ಸ್‌ನಲ್ಲಿ 92ಕ್ಕೆ ಆಲೌಟಾಯಿತು, ಭಾರತ ಆರು ವಿಕೆಟ್‌ಗಳಿಂದ ಗೆದ್ದಿತು. ಮೂರು ತಿಂಗಳ ನಂತರ ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಇನಿಂಗ್ಸ್ ಗೆಲುವು, ತಿರುಷ್ ಕಾಮಿನಿ 192. ಸತತ ಮೂರು ಟೆಸ್ಟ್ ಗೆದ್ದ ಈ ತಂಡಕ್ಕೆ ಮುಂದಿನ ಟೆಸ್ಟ್ 2021ರಲ್ಲಿ!

ಮಂಡಳಿಗಳು ಕೊಡುವ ಕಾರಣ ಹಳೆಯದು: ಟೆಸ್ಟ್‌ಗೆ ಪ್ರೇಕ್ಷಕರಿಲ್ಲ, ಪ್ರಸಾರಕರು ಹಣ ಕೊಡುವುದಿಲ್ಲ, ಟಿ20ಯಿಂದಲೇ ಹೊಸ ದೇಶಗಳಿಗೆ ಆಟ ಹರಡುತ್ತದೆ. ಕೊನೆಯದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಮೊದಲೆರಡು ಕಾರಣಗಳು ಅಂಗಡಿಗೆ ಬೀಗ ಹಾಕಿಟ್ಟು ಗಿರಾಕಿ ಬರಲಿಲ್ಲ ಎಂದಂತೆ.

ವಿದೇಶದಲ್ಲಿ ಭಾರತ ಗೆದ್ದ ಟೆಸ್ಟ್‌ಗಳು 2024ರ ಕೊನೆಯವರೆಗೆ ಮೂರು: 2002ರಲ್ಲಿ ದಕ್ಷಿಣ ಆಫ್ರಿಕಾದ ಪಾರ್ಲ್, 2006ರ ಟಾಂಟನ್, 2014ರ ವರ್ಮ್ಸ್‌ಲಿ. ಮೂರು ಕಡಿಮೆ ಎನ್ನುವವರು ಆಡಿದ್ದು ಎಷ್ಟು ಎಂಬುದನ್ನೂ ಕೇಳಿಕೊಳ್ಳಲಿ.

ಮಹಿಳೆಯರ ಟೆಸ್ಟ್ ನಾಲ್ಕೇ ದಿನವೇ? ಅದಕ್ಕೇ ಡ್ರಾ ಜಾಸ್ತಿಯೇ?

ಸಾಮಾನ್ಯವಾಗಿ ನಾಲ್ಕು ದಿನ, ದಿನಕ್ಕೆ ನೂರು ಓವರ್. ಐದು ದಿನದ ಪಂದ್ಯ ಅಪರೂಪ. 2023ರ ಆ್ಯಷಸ್ (ಇಂಗ್ಲೆಂಡ್–ಆಸ್ಟ್ರೇಲಿಯಾ ಸರಣಿ) ವೇಳೆ ನಾಟಿಂಗ್‌ಹ್ಯಾಮ್‌ನಲ್ಲಿ ಆಡಿದ್ದು ಐದು ದಿನದ್ದು, ಅದಕ್ಕೆ ಹಿಂದಿನದು 1992ರಲ್ಲಿ ಸಿಡ್ನಿಯಲ್ಲಿ. ಒಂದು ದಿನ ಮಳೆ ಬಂದರೆ ನಾಲ್ಕು ದಿನದ ಪಂದ್ಯದ ಕಾಲುಭಾಗ ಹೋಯಿತು, ಡ್ರಾ ಆಗದೆ ಇನ್ನೇನಾಗುತ್ತದೆ?

ನಾಲ್ಕು ದಿನದ ಪಂದ್ಯದಲ್ಲಿ ಫಾಲೋಆನ್‌ಗೆ, ಅಂದರೆ ಹಿಂದುಳಿದ ತಂಡವನ್ನು ತಕ್ಷಣವೇ ಮತ್ತೆ ಬ್ಯಾಟಿಂಗ್‌ಗೆ ಇಳಿಸುವುದಕ್ಕೆ, 200 ರನ್ ಹಿನ್ನಡೆ ಬೇಕಿಲ್ಲ, 150 ಸಾಕು. 2021ರ ಜೂನ್‌ನಲ್ಲಿ ಬ್ರಿಸ್ಟಲ್‌ನಲ್ಲಿ ಭಾರತ ಸಿಕ್ಕಿಬಿದ್ದದ್ದು ಇದರಲ್ಲೇ. ಇಂಗ್ಲೆಂಡ್ 396, ಭಾರತ 231, ಅಂತರ 165. ಮತ್ತೆ ಬ್ಯಾಟಿಂಗ್‌ಗೆ ಇಳಿದ ತಂಡ ಎಂಟು ವಿಕೆಟ್ ಕಳೆದುಕೊಂಡಾಗ ಸೋಲು ಬಾಗಿಲಲ್ಲೇ ನಿಂತಿತ್ತು. ಮೊದಲ ಟೆಸ್ಟ್ ಆಡುತ್ತಿದ್ದ ಸ್ನೇಹ್ ರಾಣಾ (ಅಜೇಯ 80) ಮತ್ತು ವಿಕೆಟ್ ಕೀಪರ್ ತಾನಿಯಾ ಭಾಟಿಯಾ (ಅಜೇಯ 44) ಮುರಿಯದ ಒಂಬತ್ತನೇ ವಿಕೆಟ್‌ಗೆ 104 ರನ್ ಸೇರಿಸಿ ಪಂದ್ಯ ಉಳಿಸಿದರು. ಹದಿನೇಳರ ಶಫಾಲಿ ವರ್ಮಾ ಚೊಚ್ಚಲ ಟೆಸ್ಟ್‌ನಲ್ಲೇ 96 ಮತ್ತು 63 ಹೊಡೆದ ಪಂದ್ಯವೂ ಇದೇ. ಡ್ರಾ ಎಂದರೆ ಬೇಸರ ಎನ್ನುವವರಿಗೆ ಈ ಕೊನೆಯ ದಿನವನ್ನು ತೋರಿಸಿ.

ಆ ಪಂದ್ಯದ ಪಿಚ್ ಕೂಡ ಹೊಸದಲ್ಲ. ಪುರುಷರ ದೇಶೀಯ ಟಿ20 ಪಂದ್ಯವೊಂದು ಅದರ ಮೇಲೆ ಆಗಲೇ ನಡೆದುಹೋಗಿತ್ತು. ಏಳು ವರ್ಷ ಕಾದು ಬಂದ ಟೆಸ್ಟ್‌ಗೆ ಬಳಸಿದ ಪಿಚ್. ಇಂಗ್ಲೆಂಡ್ ಮಂಡಳಿ ವಿಷಾದ ವ್ಯಕ್ತಪಡಿಸಿತು.

ಕೆಲವು ಪ್ರವಾಸಗಳಲ್ಲಿ ಎಲ್ಲ ಪಂದ್ಯಗಳನ್ನೂ ಸೇರಿಸಿ ಅಂಕ ಕೊಡುತ್ತಾರಲ್ಲ, ಅದು ಹೇಗೆ?

2013ರ ಮಹಿಳಾ ಆ್ಯಷಸ್‌ನಲ್ಲಿ ಇದು ಆರಂಭವಾಯಿತು. ಈಗ ಟೆಸ್ಟ್ ಗೆದ್ದರೆ 4 ಅಂಕ, ಡ್ರಾ ಆದರೆ ಇಬ್ಬರಿಗೂ 2, ಏಕದಿನ ಅಥವಾ ಟಿ20 ಗೆದ್ದರೆ 2. 2021ರಲ್ಲಿ ಭಾರತ ಇಂಗ್ಲೆಂಡಿನಲ್ಲಿ 6–10ರಿಂದ, ಆಸ್ಟ್ರೇಲಿಯಾದಲ್ಲಿ 5–11ರಿಂದ ಸೋತಿತು.

ಅಂಕಪಟ್ಟಿಗೆ ಎಲ್ಲವೂ ಕಾಣುವುದಿಲ್ಲ. ಆಸ್ಟ್ರೇಲಿಯಾದ ಆ ಪ್ರವಾಸದಲ್ಲೇ ಮೆಕೈನಲ್ಲಿ ಭಾರತ 265 ರನ್ ಬೆನ್ನಟ್ಟಿ, ಸತತ 26 ಏಕದಿನ ಪಂದ್ಯ ಗೆದ್ದು ಬಂದಿದ್ದ ಆಸ್ಟ್ರೇಲಿಯಾವನ್ನು ತಡೆದು ನಿಲ್ಲಿಸಿತು. ಕರಾರಾದಲ್ಲಿ ಗುಲಾಬಿ ಚೆಂಡಿನ ಹಗಲು–ರಾತ್ರಿ ಟೆಸ್ಟ್, ಭಾರತದ ಮಹಿಳೆಯರಿಗೆ ಅಂಥದ್ದು ಅದೇ ಮೊದಲು. ಸ್ಮೃತಿ 127 ಹೊಡೆದರು. ಮಳೆ ಬಾರದಿದ್ದರೆ ಎಂದು ಇಂದಿಗೂ ಅಂದುಕೊಳ್ಳುತ್ತೇನೆ.

ಚೆಂಡು, ಅಂಗಳ ಎಲ್ಲ ಪುರುಷರದ್ದೇ ಅಳತೆಯೇ?

ಪಿಚ್ ಅದೇ 22 ಗಜ. ಚೆಂಡು ಮಾತ್ರ ಹಗುರ. ಮಹಿಳೆಯರದು 140ರಿಂದ 151 ಗ್ರಾಂ, ಪುರುಷರದು ಸುಮಾರು 156ರಿಂದ 163 ಗ್ರಾಂ. ಬೌಂಡರಿ ಗೆರೆಯನ್ನೂ ಹತ್ತಿರ ಎಳೆಯುತ್ತಾರೆ. ಅದರಿಂದ ಸಿಕ್ಸರ್ ಸುಲಭ ಎಂದು ಮೂಗು ಮುರಿಯುವವರು ಒಂದು ವಿಷಯ ಮರೆಯುತ್ತಾರೆ: ಹಗುರ ಚೆಂಡು ದೂರ ಹೋಗಬೇಕಾದರೆ ಬ್ಯಾಟರ್ ತನ್ನ ಬಲವನ್ನೇ ಹೆಚ್ಚು ಹಾಕಬೇಕು.

ಆಟಗಾರ್ತಿಯರಿಗೆ ಪ್ರವಾಸದಲ್ಲಿ ಹಣ ಎಷ್ಟು?

2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಪಂದ್ಯ ಶುಲ್ಕವನ್ನು ಪುರುಷರಿಗೆ ಸಮ ಮಾಡಿತು: ಟೆಸ್ಟ್‌ಗೆ 15 ಲಕ್ಷ ರೂಪಾಯಿ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ನ್ಯೂಜಿಲೆಂಡ್ ಅದೇ ವರ್ಷ ಜುಲೈಯಲ್ಲಿ ಇದೇ ದಾರಿ ಹಿಡಿದಿತ್ತು, ಇಂಗ್ಲೆಂಡ್ 2023ರಲ್ಲಿ ಹಿಂಬಾಲಿಸಿತು.

ಒಳ್ಳೆಯದು, ಬಹಳ ಒಳ್ಳೆಯದು. ಆದರೆ ಶುಲ್ಕ ಸಮವಾದರೆ ಗಳಿಕೆ ಸಮವಾಗುವುದಿಲ್ಲ. ಅತಿ ಹೆಚ್ಚು ಶುಲ್ಕ ಇರುವುದು ಟೆಸ್ಟ್‌ಗೆ, ಮಹಿಳೆಯರಿಗೆ ಅತಿ ಕಡಿಮೆ ಸಿಗುವುದೂ ಟೆಸ್ಟೇ. ಜೊತೆಗೆ ವಾರ್ಷಿಕ ಗುತ್ತಿಗೆಯ ಅಂತರ ಹಾಗೇ ಇತ್ತು. 2024–25ರಲ್ಲಿ ಮಹಿಳೆಯರ ಮೇಲಿನ ದರ್ಜೆಗೆ 50 ಲಕ್ಷ, ಪುರುಷರ ಮೇಲಿನ ದರ್ಜೆಗೆ 7 ಕೋಟಿ.

ಇದಕ್ಕೆ ಮೊದಲಿನ ಕಥೆಯನ್ನೂ ಸೇರಿಸಿಕೊಳ್ಳಿ. ಮಹಿಳಾ ಕ್ರಿಕೆಟ್ ಬಿಸಿಸಿಐ ಕೈಗೆ ಬಂದದ್ದೇ 2006ರಲ್ಲಿ. ಅದಕ್ಕೆ ಮುಂಚೆ 1973ರಲ್ಲಿ ಹುಟ್ಟಿದ ಭಾರತ ಮಹಿಳಾ ಕ್ರಿಕೆಟ್ ಸಂಸ್ಥೆ ದಾನಿಗಳನ್ನು ಹುಡುಕಿ ತಂಡ ಕಳುಹಿಸುತ್ತಿತ್ತು.

ಎಲ್ಲ ಪ್ರವಾಸದಲ್ಲೂ ಡಿಆರ್‌ಎಸ್ (ಅಂಪೈರ್ ತೀರ್ಪಿನ ಮರುಪರಿಶೀಲನೆ) ಇರುತ್ತದೆಯೇ?

ಇಲ್ಲ. 2023ರ ಜುಲೈಯಲ್ಲಿ ಬಾಂಗ್ಲಾದೇಶ ಪ್ರವಾಸದಲ್ಲಿ ಇರಲಿಲ್ಲ. ಮೀರ್‌ಪುರದ ಮೂರನೇ ಏಕದಿನ ಪಂದ್ಯದಲ್ಲಿ ಔಟ್ ಕೊಟ್ಟದ್ದಕ್ಕೆ ಹರ್ಮನ್‌ಪ್ರೀತ್ ಬ್ಯಾಟಿನಿಂದ ಗೂಟಗಳಿಗೆ ಹೊಡೆದರು, ಪಂದ್ಯ ಟೈ ಆಯಿತು, ಬಹುಮಾನ ವಿತರಣೆಯಲ್ಲೂ ಅಂಪೈರಿಂಗ್ ಬಗ್ಗೆ ಕಟುವಾಗಿ ಮಾತನಾಡಿದರು. ಐಸಿಸಿ ಎರಡು ಪಂದ್ಯಗಳ ನಿಷೇಧ ಹೇರಿತು. ನಾಯಕಿ ಹಾಗೆ ನಡೆದುಕೊಂಡದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಅಂತರರಾಷ್ಟ್ರೀಯ ಸರಣಿಯೊಂದು ಮರುಪರಿಶೀಲನೆಯ ಸೌಲಭ್ಯವಿಲ್ಲದೆ ನಡೆದದ್ದೂ ತಪ್ಪೇ.

ಲಾರ್ಡ್ಸ್ ಬಗ್ಗೆ ಇಷ್ಟೊಂದು ಮಾತೇಕೆ? ಅದೂ ಒಂದು ಮೈದಾನ ತಾನೇ?

ಮೈದಾನವೇ. ಆದರೆ ಅಲ್ಲಿ ಮಹಿಳೆಯರು ಮೊದಲ ಪಂದ್ಯ ಆಡಲು 1976ರ ಆಗಸ್ಟ್‌ವರೆಗೆ ಕಾಯಬೇಕಾಯಿತು. 1973ರಲ್ಲಿ, ಪುರುಷರಿಗಿಂತ ಎರಡು ವರ್ಷ ಮೊದಲೇ, ಇಂಗ್ಲೆಂಡಿನಲ್ಲೇ ಮಹಿಳಾ ವಿಶ್ವಕಪ್ ನಡೆದಿದ್ದರೂ ಲಾರ್ಡ್ಸ್‌ನಲ್ಲಿ ಜಾಗ ಸಿಗಲಿಲ್ಲ.

1986ರಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿ ಇಂಗ್ಲೆಂಡ್ ಪ್ರವಾಸಕ್ಕೆ ಹೋಯಿತು. ವೂಸ್ಟರ್‌ನಲ್ಲಿ ಸಂಧ್ಯಾ ಅಗರ್ವಾಲ್ 190 ಹೊಡೆದರು, ಅದು ಆಗ ಮಹಿಳಾ ಟೆಸ್ಟ್‌ನ ವಿಶ್ವದಾಖಲೆ. ಅದೇ ಪ್ರವಾಸದಲ್ಲಿ ತಂಡದ ಆಟಗಾರ್ತಿ ಡಯಾನಾ ಎಡುಲ್ಜಿ ಅವರಿಗೆ ಲಾರ್ಡ್ಸ್ ಪೆವಿಲಿಯನ್‌ಗೆ ಪ್ರವೇಶ ಸಿಗಲಿಲ್ಲ. ಲಾರ್ಡ್ಸ್‌ನ ಒಡೆತನ ಹೊಂದಿದ ಎಂಸಿಸಿ ಕ್ಲಬ್ಬಿನ ನಿಯಮದಂತೆ ಆ ಬಾಗಿಲು ಪುರುಷರಿಗೆ ಮಾತ್ರ. ಎಂಸಿಸಿ ತನ್ನ ಹೆಸರನ್ನು ಎಂಸಿಪಿ ಎಂದು ಬದಲಿಸಿಕೊಳ್ಳಲಿ, ಅಂದರೆ ‘ಮೇಲ್ ಶಾವಿನಿಸ್ಟ್ ಪಿಗ್ಸ್’, ಪುರುಷ ಅಹಂಕಾರದ ಹಂದಿಗಳು, ಎಂದು ಕರೆದುಕೊಳ್ಳಲಿ ಎಂಬರ್ಥದಲ್ಲಿ ಡಯಾನಾ ತಿರುಗಿ ಕೊಟ್ಟ ಏಟು ಇಂದಿಗೂ ಹಳಬರ ಬಾಯಲ್ಲಿದೆ. ಎಂಸಿಸಿ ಮಹಿಳೆಯರಿಗೆ ಸದಸ್ಯತ್ವ ಕೊಟ್ಟದ್ದು 1999ರಲ್ಲಿ.

2017ರ ಜುಲೈ 23ರಂದು ವಿಶ್ವಕಪ್ ಫೈನಲ್‌ಗೆ ಅದೇ ಲಾರ್ಡ್ಸ್ ತುಂಬಿ ತುಳುಕಿತು, ಭಾರತ ಒಂಬತ್ತು ರನ್‌ಗಳಿಂದ ಸೋತಿತು. 2022ರ ಸೆಪ್ಟೆಂಬರ್ 24ರಂದು ಜೂಲನ್ ಅಲ್ಲೇ ವಿದಾಯದ ಪಂದ್ಯ ಆಡಿದರು. ಅಂದು ಕೊನೆಯ ವಿಕೆಟ್ ಬಿದ್ದದ್ದು ದೀಪ್ತಿ ಶರ್ಮಾ ನಾನ್‌ಸ್ಟ್ರೈಕರ್ ತುದಿಯಲ್ಲಿ ಚಾರ್ಲಿ ಡೀನ್ ಅವರನ್ನು ರನೌಟ್ ಮಾಡಿದಾಗ. ಸರಣಿ 3–0. ಆ ರನೌಟ್ ಸರಿಯೇ ಎಂದು ಕೇಳುವವರಿಗೆ ಒಂದೇ ಉತ್ತರ: ನಿಯಮದಲ್ಲಿದೆ, ಬ್ಯಾಟರ್ ಕ್ರೀಸ್ ಬಿಟ್ಟಿದ್ದರು, ಔಟ್. ಇಷ್ಟಕ್ಕೆ ಎಷ್ಟು ದಿನ ಚರ್ಚೆ ನಡೆಯಿತು ಎಂದರೆ ಜೂಲನ್ ಅವರ 255 ಏಕದಿನ ವಿಕೆಟ್‌ಗಳ ಮಾತು ಬದಿಗೆ ಸರಿಯಿತು.

ಭಾರತದ ಮಹಿಳಾ ತಂಡ ಪಾಕಿಸ್ತಾನಕ್ಕೆ ಹೋಗಿದೆಯೇ?

ಹೋಗಿದೆ, 2005ರ ಡಿಸೆಂಬರ್–2006ರ ಜನವರಿಯಲ್ಲಿ ಕರಾಚಿಯ ಏಷ್ಯಾಕಪ್‌ಗೆ. ಎರಡು ದೇಶಗಳ ನಡುವೆ ಮಹಿಳೆಯರ ದ್ವಿಪಕ್ಷೀಯ ಏಕದಿನ ಸರಣಿ ಮಾತ್ರ ನಡೆದಿಲ್ಲ. ಚಾಂಪಿಯನ್‌ಷಿಪ್‌ನ ಮೊದಲ ಆವೃತ್ತಿಯಲ್ಲಿ ಆಡದ ಸರಣಿಯ ಅಂಕಗಳನ್ನು ಐಸಿಸಿ ಪಾಕಿಸ್ತಾನಕ್ಕೆ ಕೊಟ್ಟಿತು, ಮುಂದಿನದರಲ್ಲಿ ಇಬ್ಬರಿಗೂ ಹಂಚಿತು. 2025ರ ವಿಶ್ವಕಪ್‌ನಲ್ಲಿ ಪಾಕಿಸ್ತಾನ ತನ್ನ ಪಂದ್ಯಗಳನ್ನು ಕೊಲಂಬೊದಲ್ಲಿ ಆಡಿತು.

ಪ್ರವಾಸವನ್ನೇ ಮಾಡಲಾಗದ ತಂಡ ಇದೆಯೇ?

ಅಫ್ಘಾನಿಸ್ತಾನದ್ದು. 2020ರ ನವೆಂಬರ್‌ನಲ್ಲಿ 25 ಆಟಗಾರ್ತಿಯರಿಗೆ ಗುತ್ತಿಗೆ ಸಿಕ್ಕಿತ್ತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂತು, ಹಲವರು ದೇಶ ಬಿಟ್ಟು ಆಸ್ಟ್ರೇಲಿಯಾ ಸೇರಿದರು. 2025ರ ಜನವರಿ 30ರಂದು ಮೆಲ್ಬರ್ನ್‌ನ ಜಂಕ್ಷನ್ ಓವಲ್‌ನಲ್ಲಿ ಅಫ್ಘಾನಿಸ್ತಾನ ಇಲೆವೆನ್ ಎಂಬ ಹೆಸರಿನಲ್ಲಿ ಅವರು ಒಂದು ಪ್ರದರ್ಶನ ಪಂದ್ಯ ಆಡಿದರು. ಪುರುಷರ ತಂಡ ಈ ಹೊತ್ತೆಲ್ಲ ಲೋಕ ಸುತ್ತುತ್ತಲೇ ಇತ್ತು.

ಪುಟ್ಟ ಮಕ್ಕಳಿರುವ ಆಟಗಾರ್ತಿಯರು ಏನು ಮಾಡುತ್ತಾರೆ?

ಮೊದಲು ಆಟ ಬಿಡುತ್ತಿದ್ದರು, ಅಷ್ಟೇ. 2021ರಲ್ಲಿ ಪಾಕಿಸ್ತಾನ ಮಂಡಳಿ ಹೆರಿಗೆ ರಜೆಯ ನಿಯಮ ಮಾಡಿ, ಮಗು ನೋಡಿಕೊಳ್ಳಲು ಒಬ್ಬರನ್ನು ಪ್ರವಾಸಕ್ಕೆ ಕರೆದೊಯ್ಯಲೂ ಅವಕಾಶ ಕೊಟ್ಟಿತು. ನಾಯಕಿ ಬಿಸ್ಮಾ ಮರೂಫ್ 2022ರ ವಿಶ್ವಕಪ್‌ಗೆ ನ್ಯೂಜಿಲೆಂಡಿಗೆ ಕೈಗೂಸನ್ನು ಎತ್ತಿಕೊಂಡೇ ಹೋದರು. ಪಂದ್ಯ ಮುಗಿದ ಮೇಲೆ ಭಾರತದ ಆಟಗಾರ್ತಿಯರು ಆ ಮಗುವಿನ ಸುತ್ತ ನೆರೆದ ಚಿತ್ರವನ್ನು ನೀವೂ ನೋಡಿರುತ್ತೀರಿ.

ದೊಡ್ಡ ತಂಡಗಳಷ್ಟೇ ಪ್ರವಾಸದಲ್ಲಿ ಗೆಲ್ಲುವುದೇ?

2023ರ ಸೆಪ್ಟೆಂಬರ್‌ನಲ್ಲಿ ಶ್ರೀಲಂಕಾ ಇಂಗ್ಲೆಂಡಿಗೆ ಹೋಗಿ ಟಿ20 ಸರಣಿಯನ್ನು 2–1ರಿಂದ ಗೆದ್ದು ಬಂತು. 2024ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದ ಪೊಚೆಫ್‌ಸ್ಟ್ರೂಮ್‌ನಲ್ಲಿ ಶ್ರೀಲಂಕಾದ ಚಮರಿ ಅಟಪಟ್ಟು ಅಜೇಯ 195 ಹೊಡೆದು 302ರ ಗುರಿ ಮುಟ್ಟಿಸಿದರು. ಇನ್ನೊಂದು ತುದಿಯಲ್ಲಿ, 1997ರ ಜನವರಿಯಲ್ಲಿ ಮೊದಲ ಪ್ರವಾಸಕ್ಕೆ ಹೋದ ಪಾಕಿಸ್ತಾನದ ಮೇಲೆ ಕ್ರೈಸ್ಟ್‌ಚರ್ಚ್‌ನಲ್ಲಿ ನ್ಯೂಜಿಲೆಂಡ್ 455 ರನ್ ಪೇರಿಸಿತ್ತು. ಆ ದಿನ ಸೋತವರು ಮನೆಗೆ ಹೋಗಿ ಸುಮ್ಮನಾಗಿದ್ದರೆ ಬಿಸ್ಮಾ ಎಲ್ಲಿಂದ ಬರುತ್ತಿದ್ದರು?

ಕರ್ನಾಟಕದಿಂದ ಹೋದವರು ಯಾರು ಯಾರು?

ಶಾಂತಾ ಅವರ ಹೆಸರು ಆಗಲೇ ಬಂತು. ಮಮತಾ ಮಾಬೆನ್ ಭಾರತದ ನಾಯಕಿಯಾಗಿದ್ದರು. 2004ರಲ್ಲಿ ಕ್ಯಾಂಡಿಯಲ್ಲಿ ಶ್ರೀಲಂಕಾ ವಿರುದ್ಧ 10 ರನ್ನಿಗೆ 6 ವಿಕೆಟ್ ಪಡೆದವರು. ವಿಕೆಟ್ ಕೀಪರ್ ಕರುಣಾ ಜೈನ್ ವರ್ಮ್ಸ್‌ಲಿಯ ಹನ್ನೊಂದರಲ್ಲಿ ಟೆಸ್ಟ್ ಅನುಭವವಿದ್ದ ಮೂವರಲ್ಲಿ ಒಬ್ಬರು. ಕಡೂರಿನ ವೇದಾ ಕೃಷ್ಣಮೂರ್ತಿ 2011ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಪದಾರ್ಪಣೆ ಮಾಡಿ ಅರ್ಧಶತಕ ಹೊಡೆದರು. ಆರು ವರ್ಷದ ನಂತರ ವಿಶ್ವಕಪ್‌ನಲ್ಲಿ ಅದೇ ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ ವೇದಾ 70, ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ನಿಗೆ 5 ವಿಕೆಟ್. ಬೆಂಗಳೂರಿನ ಶ್ರೇಯಾಂಕಾ ಪಾಟೀಲ್ ಅವರದು ಹೊಸ ಕಾಲದ ದಾರಿ: ಭಾರತಕ್ಕೆ ಆಡುವ ಮೊದಲೇ, 2023ರಲ್ಲಿ, ಕೆರಿಬಿಯನ್ ಲೀಗ್ ಆಡಿ ಬಂದರು.

ಪಂದ್ಯ ನೋಡಲು ಎಷ್ಟು ಹೊತ್ತಿಗೆ ಕೂರಬೇಕು?

ಇಂಗ್ಲೆಂಡ್ ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಬೆಳಿಗ್ಗೆ 11ಕ್ಕೆ ಆರಂಭವಾದರೆ ಇಲ್ಲಿ ಮಧ್ಯಾಹ್ನ ಮೂರೂವರೆ. ಸಂಜೆ ಆರೂವರೆಯ ಟಿ20 ಆದರೆ ರಾತ್ರಿ 11, ಮುಗಿಯುವಾಗ ಎರಡು ಗಂಟೆ. ದಕ್ಷಿಣ ಆಫ್ರಿಕಾ ಮೂರೂವರೆ ಗಂಟೆ ಹಿಂದೆ, ನೋಡುವವರಿಗೆ ಅತ್ಯಂತ ಅನುಕೂಲದ ದೇಶ. ಪರ್ತ್ ಎರಡೂವರೆ ಗಂಟೆ ಮುಂದೆ. ಸಿಡ್ನಿ, ಮೆಲ್ಬರ್ನ್ ಅಲ್ಲಿನ ಬೇಸಿಗೆಯಲ್ಲಿ ಐದೂವರೆ ಗಂಟೆ ಮುಂದೆ. ನ್ಯೂಜಿಲೆಂಡ್ ಏಳೂವರೆ ಗಂಟೆ ಮುಂದೆ, ಹಗಲಿನ ಏಕದಿನ ಪಂದ್ಯಕ್ಕೆ ಹಾಲಿನವನಿಗಿಂತ ಮೊದಲು ಏಳಬೇಕು. ವೆಸ್ಟ್ ಇಂಡೀಸ್‌ನ ಹೆಚ್ಚಿನ ಕಡೆ ಒಂಬತ್ತೂವರೆ ಗಂಟೆ ಹಿಂದೆ.

ಯಾವ ಚಾನೆಲ್ ಎಂಬುದು ಪ್ರತಿ ಪ್ರವಾಸಕ್ಕೂ ಬದಲಾಗುತ್ತದೆ, ಏಕೆಂದರೆ ಪ್ರಸಾರದ ಹಕ್ಕು ಮಾರುವುದು ಆತಿಥೇಯ ಮಂಡಳಿ. ಕಳೆದ ಸರಣಿ ಬಂದ ಕಡೆಯೇ ಈ ಸರಣಿಯೂ ಬರುತ್ತದೆಂದು ಕಾಯುತ್ತಾ ಕೂರಬೇಡಿ, ಟಾಸ್‌ಗೆ ಅರ್ಧ ಗಂಟೆ ಮೊದಲೇ ಹುಡುಕಿಟ್ಟುಕೊಳ್ಳಿ.